ದೇವಕ್ಕನ ಮನೆಯ ಕಾಣದ ವೈಫೈ

ಇಸಳೂರಿನ ಹೊಸ ಮನೆಯ ಗೃಹಪ್ರವೇಶದ ದಿನ ದೇವಕ್ಕ ಬಂದವರಿಗೆಲ್ಲ ತಾಂಬೂಲದ ಜೊತೆಗೆ ವೈಫೈ ಪಾಸ್‌ವರ್ಡನ್ನೂ ಕೊಟ್ಟಿದ್ದಳು. ಬನವಾಸಿ ಕಡೆಯ ಹೆಣ್ಣು. ಮೊಸರಿಗೆ ಹೆಪ್ಪು ಕೇಳಿದವರನ್ನು ಬರಿಗೈಯಲ್ಲಿ ಕಳಿಸಿ ಗೊತ್ತಿಲ್ಲ. ಹೆಪ್ಪು ಕೊಟ್ಟರೆ ಮನೆಯ ಮೊಸರು ಕಡಿಮೆಯಾಗದು. ಆದರೆ ವೈಫೈ ಕೊಟ್ಟರೆ ಕಡಿಮೆಯಾಗುತ್ತದೆ ಎಂಬುದು ಸೊಸೆ ಚೇತನಾಳಿಗೆ ತಿಳಿದದ್ದು ಕಳೆದ ತಿಂಗಳ ಆನ್‌ಲೈನ್ ಸಂದರ್ಶನದಲ್ಲಿ. ಪುಸ್ತಕದ ಕರಡು ತಿದ್ದುವ ಕೆಲಸ, ಮನೆಯಲ್ಲೇ ಕೂತು ಮಾಡುವಂಥದ್ದು. ಮೊದಲ ಪ್ರಶ್ನೆಗೇ ಅವಳ ಮುಖ ಪರದೆಯ ಮೇಲೆ ಬಾಯಿ ತೆರೆದು ನಿಂತುಬಿಟ್ಟಿತು. ಅತ್ತ ಪಕ್ಕದ ಮನೆಯ ಸದಾಶಿವ ಮಾಸ್ತರರು ಕಾಂಪೌಂಡಿಗೆ ಕುರ್ಚಿ ಒತ್ತಿಕೊಂಡು, ಏಳು ಮಂದಿ ನೆಂಟರ ಸಮೇತ, ಇದೇ ವೈಫೈಯಲ್ಲಿ ಕಬಡ್ಡಿ ನೋಡುತ್ತಿದ್ದರು.

ಇನ್ನೊಂದು ಸಲ ನೋಡೋಣ, ಅದೇ ಕೊನೆ ಎಂದಿದ್ದರು ಪ್ರಕಾಶಕರು.

ಚೇತನಾ ಪಾಸ್‌ವರ್ಡ್ ಬದಲಿಸಿದಳು. ಅಷ್ಟೇ ಆದರೆ ಹೊಸದನ್ನು ಕೇಳಲು ಬರುತ್ತಾರೆ, ಅತ್ತೆ ಕೊಡುತ್ತಾಳೆ. ಹಾಗಾಗಿ ಯಾರ ಫೋನಿನ ಪಟ್ಟಿಯಲ್ಲೂ ಕಾಣದಂತೆ ವೈಫೈಯ ಹೆಸರನ್ನೇ ಅಡಗಿಸಿದಳು.

"ಮಂದಿ ಏನಂದಾರವಾ?" ಎಂದಳು ದೇವಕ್ಕ.

"ಅನ್ನಲಿ ಅತ್ತೆ. ಕೇಳ್ಕಂಡು ಕೂರೂಕೆ ನಂಗೆ ಪುರಸೊತ್ತಿಲ್ಲ."

ಒಂದನ್ನು ಮಾತ್ರ ಅವಳು ಮರೆತಿದ್ದಳು. ನಾಲ್ಕು ದಿನ ಕಾಣದವರಿಗೆ ಕಾಯಿಲೆಯೆಂದೇ ಈ ಕೇರಿ ತಿಳಿಯುತ್ತದೆ. ನೋಡಲು ಬಂದೇ ಬರುತ್ತದೆ.

ಎರಡನೇ ಸಂದರ್ಶನ ಶುರುವಾಗಿ ಹತ್ತು ನಿಮಿಷಕ್ಕೆ ಮಾಸ್ತರರು ಒಳಗೆ ಬಂದರು. ಹಿಂದೆ ಕೇಬಲ್ ರಿಪೇರಿಯ ಬೈರ.

"ಎಂತ ಆಯ್ತು ಮಾರಾಯ್ತಿ ನಿಮ್ಮ ನೆಟ್ಟಿಗೆ? ನಾಲ್ಕು ದಿನ ಆಯ್ತು, ಹೆಸರೇ ಇಲ್ಲ! ಪಾಪ, ಹೇಳ್ಕಳೂಕೆ ಸಂಕೋಚ ಇರ್ತು ಅಂತ ನಾನೇ ಇವನನ್ನ ಕರ್ಕಂಡು ಬಂದೆ. ಬೈರ, ಒಂದ್ಸಲ ಆಫ್ ಮಾಡಿ ಆನ್ ಮಾಡೋ."

ಬೈರನ ಕೈ ವೈಫೈ ಡಬ್ಬಿಯ ಸ್ವಿಚ್ಚಿನತ್ತ ಹೋಯಿತು.

"ಮುಟ್ಟಿದ್ರೆ ನೋಡು!" ಚೇತನಾ ಕುರ್ಚಿಯಿಂದಲೇ ಕೂಗಿದಳು. ಪರದೆಯಲ್ಲಿದ್ದ ಮೂವರು ಸಂದರ್ಶಕರೂ ನೆಟ್ಟಗಾದರು. "ಅದು ಕೆಟ್ಟಿಲ್ಲ ಮಾಸ್ತರ್ರೇ. ನಾನೇ ಅಡಗಿಸಿದ್ದು."

"ಅಡಗಿಸಿದ್ದಾ? ಯಾರಿಂದ?"

"ನಿಮ್ಮಿಂದ."

ಮಾಸ್ತರರು ದೇವಕ್ಕನತ್ತ ತಿರುಗಿದರು, ಮೇಲಿನ ಕೋರ್ಟಿಗೆ ಹೋಗುವಂತೆ. ದೇವಕ್ಕ ಒಮ್ಮೆ ಸೊಸೆಯ ಮುಖ ನೋಡಿದಳು. ಅಡಿಗೆಮನೆಗೆ ಹೋಗಿ ಲೋಟದಲ್ಲಿ ಹೆಪ್ಪು ತಂದು ಮಾಸ್ತರರ ಕೈಗಿಟ್ಟಳು.

"ಇದಕ್ಕ ದಿನಾ ಬರ್ರಿ, ಇಲ್ಲ ಅನ್ನಂಗಿಲ್ಲ. ಅದನ್ನ ಕೇಳಬ್ಯಾಡ್ರಿ. ಅದು ಹೆಪ್ಪಲ್ಲ."

ಬೈರ ನಗು ನುಂಗಿಕೊಂಡು ಮೊದಲು ಹೊರಬಿದ್ದ. ಮಾಸ್ತರರು ಲೋಟ ಚೆಲ್ಲದಂತೆ ಹಿಡಿದು ಮೆಟ್ಟಿಲಿಳಿದರು.

"ಯಾರಮ್ಮಾ ಅವರು?" ಪರದೆಯಿಂದ ಪ್ರಕಾಶಕರು ಕೇಳಿದರು.

"ನೆರೆಯವರು ಸರ್, ಹೊರಟರು." ಚೇತನಾ ಸೆರಗು ಸರಿಮಾಡಿಕೊಂಡಳು. "ನಿಮಗೆ ನಾನು ಸರಿಯಾಗಿ ಕಾಣ್ತಾ ಇದ್ದೀನಲ್ಲ? ಹಾಗಾದರೆ ಮುಂದಿನ ಪ್ರಶ್ನೆ ಕೇಳಿ."