ಬೆನ್ನುಹುರಿಗೊಂದು ಓಟ

ಇಡೀ ಬೀದಿ ಕೂತು ತೀರ್ಮಾನಿಸಬೇಕಾದಂಥ ಗಂಭೀರ ಸಂಗತಿಯೊಂದು ಟೈಲರಕ್ಕನ ಮನೆಯಲ್ಲಿ ತಲೆದೋರಿತ್ತು: ಓಟದವರು ಕೊಟ್ಟ ಟೀ ಶರ್ಟು ಅವಳಿಗೆ ದೊಗಳೆಯಾಗಿತ್ತು. ಊರವರ ಬಟ್ಟೆಯನ್ನೆಲ್ಲ ಅಳತೆಗೆ ತರುವವಳು ಅದನ್ನು ಎತ್ತಿ ಹಿಡಿದು ನೋಡಿದಳು.

"ಇದರೊಳಗೆ ಇನ್ನೊಬ್ಬಳು ಹಿಡಿಸ್ತಾಳೆ. ಅವಳೇ ಓಡಲಿ," ಎಂದು ಹೊಲಿಗೆ ಮಿಷನ್ನಿನ ಮೇಲೆ ಒಗೆದಳು.

ಶರ್ಟು ತಂದಿದ್ದ ನರ್ಸು ನಕ್ಕಳು. ಬೆನ್ನುಹುರಿಗೆ ಬಿದ್ದ ಪೆಟ್ಟಿಗೆ ಮದ್ದು ಹುಡುಕುವ ಸಂಶೋಧನೆಗೆ ಹಣ ಕೂಡಿಸುವ ಓಟ ಅದು. ಮಂಚದ ಮೇಲಿದ್ದ ಟೈಲರಕ್ಕನ ಗಂಡ ಬಣ್ಣ ಬಳಿಯುವ ಕೆಲಸದವನು. ಎರಡು ವರ್ಷದ ಹಿಂದೆ ಏಣಿಯಿಂದ ಬಿದ್ದ ಮೇಲೆ ಸೊಂಟದ ಕೆಳಗೆ ಸ್ವಾಧೀನವಿಲ್ಲ.

"ಬೆಳಗ್ಗೆ ಎದ್ದಾಗಿಂದ ಓಡ್ತಾನೇ ಇದೀನಿ ಸಿಸ್ಟರ್. ಇವರ ಮಗ್ಗುಲು ಬದಲಾಯಿಸು, ಬೆನ್ನಲ್ಲಿ ಹುಣ್ಣೆದ್ದಿದೆಯಾ ನೋಡು, ಮೈ ಒರೆಸು, ಆಮೇಲೆ ಹೊಲಿ. ಒಂದು ಪದಕ ಬರಲಿಲ್ಲ. ಈಗ ಬೀದೀಲಿ ಓಡಿದ್ರೆ ಇವರು ಎದ್ದು ನಡೀತಾರಾ?"

"ಇಲ್ಲ ಅಕ್ಕಾ."

ಸುಳ್ಳು ಸಮಾಧಾನಕ್ಕೆ ಕಾದು ಕೂತಿದ್ದವಳಿಗೆ ಜಗಳಕ್ಕೆ ಹಿಡಿಯೇ ಸಿಗಲಿಲ್ಲ.

"ಕೆಟ್ಟ ಹುರೀನ ಮೊದಲಿನ ಹಾಗೆ ಮಾಡೋ ಮದ್ದು ಇವತ್ತಿಗಿಲ್ಲ. ಹುಡುಕ್ತಿದ್ದಾರೆ. ಅದಕ್ಕೆ ದುಡ್ಡೂ ಬೇಕು, ವರ್ಷಗಳೂ ಬೇಕು," ಎಂದಳು ನರ್ಸು.

"ಅಂದ್ರೆ ಗಿಡ ನೆಡೋರು ನಾವು, ಹಣ್ಣು ತಿನ್ನೋರು ಯಾರೋ."

"ಯಾರೋ ಅಲ್ಲ ಕಣೇ," ಎಂದ ಗಂಡ, ಗೋಡೆಯ ಕಡೆ ಮುಖ ಮಾಡಿಯೇ. "ನಮ್ಮ ಗ್ಯಾಂಗಿನೋರು ಇವತ್ತೂ ಏಣಿ ಹತ್ತಿರ್ತಾರೆ. ನಾಳೆ ಇನ್ನೊಬ್ಬ ಬೀಳ್ತಾನೆ. ನನ್ನನ್ನ ಎತ್ತಿದ ಹಾಗೇ ಅವನನ್ನೂ ಎತ್ತುತ್ತಾರೆ."

ಅವನು ಬಿದ್ದ ದಿನ ಗೆಳೆಯರು ಕಂಕುಳಿಗೊಬ್ಬ, ಕಾಲಿಗೊಬ್ಬ ಕೈಹಾಕಿ ಎತ್ತಿ, ಗೋಡೆಗೆ ಒರಗಿಸಿ ಕೂರಿಸಿ, ನೀರು ಕುಡಿಸಿ, ಬಣ್ಣದ ಡಬ್ಬಗಳ ನಡುವೆ ಗಾಡಿಗೆ ಹಾಕಿದ್ದರು. ಪ್ರೀತಿಗೇನೂ ಕಡಿಮೆಯಿರಲಿಲ್ಲ.

"ಅದಕ್ಕೇ ಹೀಗಾಯ್ತಾ?" ಟೈಲರಕ್ಕನ ದನಿ ಇಳಿದಿತ್ತು.

"ಹೇಳಕ್ಕಾಗಲ್ಲ ಅಕ್ಕಾ. ಆದರೆ ಬಿದ್ದೋರ ತಲೆ, ಕತ್ತು ಅಲುಗದ ಹಾಗೆ ಇದ್ದಲ್ಲೇ ಇರಿಸಿ ಆಂಬುಲೆನ್ಸ್ ಕರೀಬೇಕು."

"ಅವರಿಗೆ ಇದನ್ನ ನಾನೇ ಹೇಳ್ತೀನಿ," ಎಂದ ಗಂಡ. "ಓಟಕ್ಕೆ ಬರ್ತಾರಂತೆ. ನನ್ನನ್ನೂ ಕರ್ಕೊಂಡು ಹೋಗು."

ಆಸ್ಪತ್ರೆಗೆ ಬಿಟ್ಟರೆ ಹೊಸ್ತಿಲು ದಾಟದವನು. ಅವನ ಗಾಲಿಕುರ್ಚಿ ಮೂಲೆಯಲ್ಲಿ ಹೊಲಿಯದ ಬಟ್ಟೆ ಹೊತ್ತು ಕೂತಿತ್ತು.

"ಜನ ನೋಡ್ತಾರೆ ಅಂತಿದ್ರಿ?"

"ನೋಡ್ಲಿ ಬಿಡೇ. ನನಗೂ ಗೋಡೆ ನೋಡಿ ನೋಡಿ ಸಾಕಾಗಿದೆ."

ಅವಳು ಎದ್ದು ಕುರ್ಚಿಯ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದಳು.

ಓದುತ್ತಿರುವವರೇ, ಮುಂದಿನ ಓಟಕ್ಕೆ ನೀವೂ ಬನ್ನಿ. ಓಡಲಾಗದಿದ್ದರೆ ನಡೆಯಿರಿ, ಯಾರೂ ಬೈಯುವುದಿಲ್ಲ. ಬರಲಾಗದಿದ್ದರೆ ಕೈಲಾದಷ್ಟು ಕೊಡಿ. ಅದೂ ಆಗದಿದ್ದರೆ, ಕೊನೇಪಕ್ಷ ಎತ್ತರದಿಂದ ಬಿದ್ದವರನ್ನು ಎತ್ತಿ ಕೂರಿಸಬೇಡಿ. ಅದಕ್ಕೆ ಖರ್ಚೂ ಇಲ್ಲ, ಬೆವರೂ ಇಲ್ಲ.

ಆ ಸಲದ ಓಟದಲ್ಲಿ ಟೈಲರಕ್ಕ ಗಂಡನ ಕುರ್ಚಿ ತಳ್ಳಿಕೊಂಡು ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟಿದಳು. ಅವನು ಹೇಳಿದ್ದನ್ನು ಗೆಳೆಯರು ನಿಂತು ಕೇಳಿದರು. ಮದ್ದು ಇನ್ನೂ ಸಿಕ್ಕಿಲ್ಲ.