ಲೋಟದ ನೀರು

ಪೆಟ್ಟಿಗೆಯ ಮುಚ್ಚಳ ಇನ್ನೇನು ಕೂರಬೇಕು ಎನ್ನುವಾಗ ಒಂದು ಕೈ ಅಡ್ಡ ಬಂತು. ಬೀದಿ ಕೊನೆಯ ಕ್ಷೌರದಂಗಡಿಯ ಮುದುಕನದು.

"ಸ್ವಲ್ಪ ತಡೀರಿ. ಆಯಮ್ಮನ ಹತ್ರ ಒಂದು ಮಾತು ಕೇಳೋದಿತ್ತು."

ಹೆಣವನ್ನು ಕೇಳುವುದೇನು ಎಂದು ಯಾರೋ ಗೊಣಗಿದರು. ಆಸ್ಪತ್ರೆಯಲ್ಲಿ ಆಯಾ ಆಗಿ ಜೀವ ಸವೆಸಿದ ಹೆಂಗಸು. ಬದುಕಿದ್ದಾಗಲೂ 'ಹೂಂ' ಬಿಟ್ಟರೆ ಹೆಚ್ಚು ಮಾತಾಡಿದವಳಲ್ಲ. ಅವಳ ಮಗಳು ಮುದುಕನ ತೋಳು ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಪಾದ್ರಿಯೂ ಹಿಂದೆ ಬಂದರು.

ಮುದುಕನ ಹೆಂಡತಿ ಸತ್ತದ್ದು ಆಯಮ್ಮನ ವಾರ್ಡಿನಲ್ಲೇ. ಕೊನೆಯ ಗಳಿಗೆಯಲ್ಲಿ ಆಯಮ್ಮ ಲೋಟದಲ್ಲಿ ಬೆರಳದ್ದಿ, ಅವಳ ಹಣೆಯ ಮೇಲೆ ಮೂರು ಸಲ ನೀರು ಹನಿಸಿ, ಏನೋ ಪಿಸುಗುಟ್ಟಿದ್ದಳಂತೆ. ಜ್ವರಕ್ಕೆ ತಂಪು ಮಾಡುತ್ತಿದ್ದಾಳೆಂದು ಇವನು ಕೈ ಮುಗಿದಿದ್ದ. ಅದು ಕ್ರೈಸ್ತರಾಗಿ ಸೇರಿಸಿಕೊಳ್ಳುವ ಜ್ಞಾನಸ್ನಾನ ಎಂದು ಮೊನ್ನೆ ಗಿರಾಕಿಯೊಬ್ಬ ಬಿಡಿಸಿ ಹೇಳಿದಾಗಿನಿಂದ ನಿದ್ದೆ ಹಾರಿಹೋಗಿತ್ತು.

"ನಿಮ್ಮಲ್ಲಿ ದಾರಿ ಒಂದೇ ಅಂತಾರೆ, ಫಾದರ್. ಅವಳನ್ನ ಆ ದಾರೀಲಿ ಕಳಿಸಿಬಿಟ್ರು. ಈಗ ನಾನೆಲ್ಲಿಗೆ ಹೋಗ್ಲಿ?"

ದೇವರ ಕರುಣೆ ದೊಡ್ಡದು ಎಂದರು ಪಾದ್ರಿ. ಹಾಗಾದರೆ ಇನ್ನೊಂದು ದಾರಿ ಉಂಟೇ ಎಂದು ಮುದುಕ ಕೇಳಿದ. ಪಾದ್ರಿ ಒಳ್ಳೆಯ ಮನುಷ್ಯ, ಸುಳ್ಳು ಬಾಯಿಗೆ ಬರುತ್ತಿರಲಿಲ್ಲ. ಇಲ್ಲ ಎಂದರು.

ಮಗಳ ಕಣ್ಣು ಕಟ್ಟೆಯ ಮೇಲಿದ್ದ ನೀರಿನ ಲೋಟದ ಮೇಲೆ ನಿಂತಿತು.

*

ಎರಡು ದಿನದ ಹಿಂದೆ ಅಮ್ಮ ಮಂಚದ ಮೇಲೆ ಕಣ್ಣು ಬಿಟ್ಟು, ಬಾಗಿಲನ್ನೇ ನೋಡುತ್ತಿದ್ದಳು.

"ಹೆಂಡ್ತೀನ ಒಳಗೆ ಸೇರಿಸಿದೆ ಕಣೇ. ಅವನು ಹೊರಗೇ ಉಳಿದ."

"ಯಾರಮ್ಮಾ?"

ಅಮ್ಮ ಕೈ ಚಾಚಿ ತಡಕಾಡಿದಳು. ಬಾಯಾರಿಕೆ ಎಂದುಕೊಂಡ ಮಗಳು ಲೋಟವನ್ನು ತುಟಿಗೆ ಹಿಡಿದಳು. ಅಮ್ಮ ಮುಖ ತಿರುಗಿಸಿದಳು, ಕುಡಿಯಲೇ ಇಲ್ಲ. ಬೆರಳುಗಳು ಮಾತ್ರ ಲೋಟದ ಅಂಚು ಹುಡುಕುತ್ತಿದ್ದವು. ಮಗಳು ಅವನ್ನು ಹಿಡಿದು ಹೊದಿಕೆಯೊಳಗೆ ಸೇರಿಸಿದಳು, ಬೆಚ್ಚಗಿರಲಿ ಎಂದು.

*

"ನನಗೂ ಹನಿಸಿಬಿಡು, ತಾಯಿ. ನಿಮ್ಮಮ್ಮನ ಕೈ ಅಲ್ವಾ ನಿಂದು."

ನಂಬಿಕೆಯಿಲ್ಲದವನಿಗೆ ಅದು ಬರೀ ನೀರು ಎಂದು ಪಾದ್ರಿ ಮೆಲ್ಲಗೆ ಹೇಳಿದರು. ನಂಬುತ್ತೀಯಾ ಎಂದೂ ಕೇಳಿದರು.

"ಅದೆಲ್ಲ ಗೊತ್ತಿಲ್ಲ, ಫಾದರ್. ಅವಳಿರೋ ಕಡೆ ಹೋದ್ರೆ ಸಾಕು."

ಹೆಗಲ ಮೇಲಿನ ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು ಮುದುಕ ಸ್ಟೂಲಿನ ಮೇಲೆ ಕೂತ. ಬೀದಿಯವರ ತಲೆಯನ್ನೆಲ್ಲ ಬಗ್ಗಿಸಿದವನು ತನ್ನ ತಲೆ ಬಗ್ಗಿಸಿ ಕಣ್ಣು ಮುಚ್ಚಿದ. ಹೊರಗೆ ಮುಚ್ಚಳಕ್ಕೆ ಮೊಳೆ ಹೊಡೆಯುವ ಸದ್ದು ಶುರುವಾಯಿತು.

ಮಗಳು ಚರ್ಚಿಗೆ ಹೋಗುವುದನ್ನು ಬಿಟ್ಟು ವರ್ಷಗಳಾಗಿದ್ದವು. ಆದರೂ ಲೋಟದಲ್ಲಿ ಬೆರಳದ್ದಿದಳು. ಕೈ ಆ ನರೆತ ತಲೆಯ ಮೇಲೆ ಬರುವಷ್ಟರಲ್ಲಿ ಪಾದ್ರಿ ಅವಳ ಮಣಿಕಟ್ಟು ಹಿಡಿದರು.

ನೀರು ಬೆರಳ ತುದಿಯಿಂದ ಜಾರಿ ನೆಲಕ್ಕೆ ಬಿತ್ತು, ಒಂದೊಂದೇ ಹನಿಯಾಗಿ.

ಮುದುಕ ತಲೆಯೆತ್ತಲಿಲ್ಲ.

"ಆಯ್ತಾ, ತಾಯಿ?"