ಗಾಜಿನ ತಟ್ಟೆ

"ಪೂರ್ತಿ ಕೋಷರ್," ಎಂದುಬಿಟ್ಟಳು ಸ್ಮಾರೋ. "ನಿಮ್ಮ ಶಾಸ್ತ್ರದಲ್ಲಿ ಹೇಳಿದ್ದು ಬಿಟ್ಟು ನಮ್ಮತ್ತೆ ಬೇರೇನೂ ಮುಟ್ಟಲ್ಲ. ಹಂದಿಯಂತೂ ಮನೆಗೇ ಬರಲ್ಲ. ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ. ಮೊದಲಿಂದಲೂ ಹಾಗೇ."

ಮೇಜಿನ ಆಚೆ ಕೂತಿದ್ದ ರೆಜೀನಾ ಕನ್ನಡಕದ ಮೇಲಿಂದ ಅವಳನ್ನೊಮ್ಮೆ ನೋಡಿದಳು. ಗ್ರೀಸಿನ ಥೆಸ್ಸಲೋನಿಕಿ ಊರಿನ ಯೆಹೂದಿಗಳು ತಮ್ಮ ಮುದುಕರಿಗಾಗಿ ನಡೆಸುವ ವೃದ್ಧಾಶ್ರಮ ಅದು. ಅದರ ಮೇಲ್ವಿಚಾರಣೆ ರೆಜೀನಾಳದು.

"ಒಳ್ಳೇದು," ಎಂದಳು ಆಕೆ. "ಇವತ್ತು ನಮ್ಮ ಜೊತೆ ಊಟ ಮಾಡಲಿ. ಯಾರೇ ಬಂದ್ರೂ ಮೊದಲು ಒಂದು ಊಟ ಹಾಕ್ತೀವಿ. ಕಾಗದ ಪತ್ರ ಆಮೇಲೆ. ನೀವೂ ಕೂತ್ಕೊಳ್ಳಿ."

ಕಿಟಕಿಯ ಬಳಿ ಅತ್ತೆ ಪಲೋಂಬಾ ತನ್ನ ಕೈಚೀಲದ ಕೊಂಡಿ ತೆಗೆಯುತ್ತ ಹಾಕುತ್ತ ಕೂತಿದ್ದಳು. ಅವಳ ಕೂದಲನ್ನು ಬೆಳಿಗ್ಗೆ ಸ್ಮಾರೋನೇ ಬಾಚಿದ್ದಳು. ಒಂದು ಕಡೆ ಪಿನ್ನು ಜಾರಿತ್ತು.

"ಲಿಯೋನ್ ಎಲ್ಲಿ?" ಎಂದು ಕೇಳಿದಳು.

"ಅಂಗಡಿಯಲ್ಲಿದಾನೆ ಅತ್ತೆ. ಬರ್ತಾನೆ."

ರೆಜೀನಾ ತಲೆ ತಗ್ಗಿಸಿ ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಮಾಡಿದಳು. ಸ್ಮಾರೋಳ ಗಂಡ ಲಿಯೋನ್ ಕಳೆದ ಚಳಿಗಾಲದಲ್ಲಿ ತೀರಿಕೊಂಡ ಸಂಗತಿ ಅವಳಿಗೆ ಗೊತ್ತಿತ್ತು. ಊರಿನ ಯೆಹೂದಿಗಳಿಗೆಲ್ಲ ಗೊತ್ತಿತ್ತು. ಅವನ ತಾಯಿಗೂ ಹೇಳಿದ್ದರು. ಅವಳು ಎದೆ ಬಡಿದುಕೊಂಡು ಅತ್ತಿದ್ದಳು. ಮರುದಿನ ಕಾಫಿ ಕುಡಿಯುತ್ತ ಮಗ ಎಲ್ಲಿ ಎಂದು ಕೇಳಿದಳು. ಸ್ಮಾರೋ ಮತ್ತೆ ಹೇಳಿದಳು, ಅವಳು ಮತ್ತೆ ಎದೆ ಬಡಿದುಕೊಂಡಳು. ಅದಾದ ಮೇಲೆ ಲಿಯೋನ್ ಅಂಗಡಿಯಲ್ಲೇ ಇದ್ದಾನೆ.

ಇದಕ್ಕೆ ಮೊದಲು ಸ್ಮಾರೋ ಅತ್ತೆಯನ್ನು ಕರೆದುಕೊಂಡು ಇನ್ನೊಂದು ಜಾಗ ನೋಡಿ ಬಂದಿದ್ದಳು. ಗುಡ್ಡದ ಮೇಲೆ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಮನೆ. ಹೇಳಿದ್ದು ಅವಳ ಸ್ವಂತ ಚಿಕ್ಕಮ್ಮ. ಜಾಗ ಚೊಕ್ಕಟವಾಗಿತ್ತು, ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು, ಸ್ಮಾರೋ ಪಾಠ ಹೇಳುವ ಟ್ಯುಟೋರಿಯಲ್‌ಗೂ ಹತ್ತಿರ. ಆದರೆ ಪಲೋಂಬಾಳ ಗ್ರೀಕ್ ಹಳೇ ಗೋಡೆಯ ಸುಣ್ಣದ ಹಾಗೆ ಉದುರುತ್ತಿತ್ತು. ಅದರ ಅಡಿಯಿಂದ ಲದೀನೋ ಎದ್ದು ಬರುತ್ತಿತ್ತು, ಅಜ್ಜಿ ಮುತ್ತಜ್ಜಿಯರಿಂದ ಬಂದ ಹಳೇ ಸ್ಪಾನಿಷ್ ಮಾತು. ಅಲ್ಲಿದ್ದ ಸನ್ಯಾಸಿನಿ ಅವಳು ಏನು ಹೇಳಿದರೂ "ಹೌದಾ ಅಜ್ಜಿ, ಹೌದಾ" ಎಂದು ಕೆನ್ನೆ ಸವರಿದಳು. ಸ್ವಲ್ಪ ಹೊತ್ತಿಗೆ ಪಲೋಂಬಾ ಬಾಯಿ ಮುಚ್ಚಿದಳು. ಬಸ್ಸಿನಲ್ಲೂ ತೆರೆಯಲಿಲ್ಲ. ಆ ಮಾತು ಲಿಯೋನ್‌ಗೆ ಬರುತ್ತಿತ್ತು, ಸ್ಮಾರೋಗೆ ಬರುವುದಿಲ್ಲ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ, ಒಬ್ಬರ ಮಾತು ಒಬ್ಬರಿಗೆ ದಿನದಿನಕ್ಕೆ ತಿಳಿಯದೆ ಹೋಗುತ್ತಿತ್ತು. ಆ ಭಾಷೆಯ ಮುದುಕರು ಒಟ್ಟಿಗೆ ಉಳಿದದ್ದು ಊರಿನಲ್ಲಿ ಈ ಒಂದು ಕಟ್ಟಡದಲ್ಲಿ. ಇಲ್ಲಿ ಬೇಡವೆಂದರೆ ಗುಡ್ಡದ ಮನೆಯೇ ಗತಿ. ಸ್ಮಾರೋ ಕ್ರೈಸ್ತಳು. ಮನೆಯಲ್ಲಿ ಕೋಷರಾ ಎಂದು ರೆಜೀನಾ ಕೇಳಿದಾಗ, ಬೇರೆ ಮತದ ಸೊಸೆ ಏನು ತಿನ್ನಿಸುತ್ತಾಳೋ ಎಂಬ ಅನುಮಾನ ಇವಳದು ಎಂದುಕೊಂಡು ಬಾಯಿಗೆ ಬಂದದ್ದು ಸುಳ್ಳು.

ಊಟದ ಮನೆಯಲ್ಲಿ ಉದ್ದನೆಯ ಮೇಜು. ಪಲೋಂಬಾಳನ್ನು ಪೆಪೋ ಎನ್ನುವ ಮುದುಕನ ಪಕ್ಕ ಕೂರಿಸಿದರು. ಅವನು ಕೋಟಿನ ಮೇಲೆ ಬಿಬ್ ಕಟ್ಟಿಕೊಂಡು ಮದುಮಗನ ಹಾಗೆ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಎದುರಿಗೆ ಒರೋ ಎಂಬ ಮುದುಕಿ, ಒಣಗಿದ ದೇಹ, ತುಟಿಗೆ ಕೆಂಪು ಬಣ್ಣ. ಬಡಿಸುವವಳು ಸ್ಮಾರೋ ಮುಂದೆ ಇಟ್ಟ ತಟ್ಟೆಯೂ ಉಳಿದವರದರಂತೆ ಬಿಳಿ ಪಿಂಗಾಣಿಯದೇ. ಸ್ಮಾರೋ ಅದನ್ನು ಗಮನಿಸಿದಳು. ತಟ್ಟೆ ಗಮನಿಸುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಲಿಯೋನ್ ಅವಳನ್ನು ಮೊದಲ ಸಲ ಮನೆಗೆ ಕರೆದುಕೊಂಡು ಹೋದದ್ದು ಒಂದು ಶುಕ್ರವಾರ, ಯೆಹೂದಿಗಳ ವಾರದ ಹಬ್ಬದೂಟಕ್ಕೆ. ಅಂದು ಎಲ್ಲರಿಗೂ ಚಿನ್ನದ ಅಂಚಿನ ಪಿಂಗಾಣಿ ತಟ್ಟೆ ಇಟ್ಟಿದ್ದರು. ಅವಳಿಗೆ ಮಾತ್ರ ಗಾಜಿನದು. ಮುಂದಿನ ಶುಕ್ರವಾರವೂ ಅದೇ. ಮದುವೆಯಾದ ಮೇಲೂ ಅದೇ. "ಗಾಜು ಏನನ್ನೂ ಹೀರಲ್ಲ ಕಣೇ," ಎಂದು ಲಿಯೋನ್ ಕಾರಿನಲ್ಲಿ ಹೇಳಿದ್ದ. "ನಮ್ಮವರಲ್ಲಿ ಗಾಜಿಗೆ ಯಾವ ಮೈಲಿಗೇನೂ ಅಂಟಲ್ಲ. ಅಷ್ಟೇ." "ಹಾಗಾದ್ರೆ ನಾನೇ ಮೈಲಿಗೆ," ಎಂದಿದ್ದಳು ಅವಳು. ಅವನು ನಕ್ಕಿದ್ದ. ಅವಳೂ ನಕ್ಕಳು. ಆದರೆ ಯಾವ ಶುಕ್ರವಾರವೂ ಆ ತಟ್ಟೆಯನ್ನು ಅವಳು ಮರೆಯಲಿಲ್ಲ.

ಈರುಳ್ಳಿ ಸೊಪ್ಪಿನ ಜಾತಿಯ ಲೀಕ್ ಹಾಕಿ ಕರಿದ ಮಾಂಸದ ವಡೆ ಬಂತು, ಜೊತೆಗೆ ಹುರುಳಿಕಾಯಿ. ಪೆಪೋ ಪಲೋಂಬಾಳ ಕಿವಿಯಲ್ಲಿ ಏನೋ ಹೇಳಿದ. ಅವಳು ತಿರುಗಿ ಏನೋ ಹೇಳಿದಳು. ಅವನು ತೊಡೆ ತಟ್ಟಿಕೊಂಡು ನಕ್ಕ. ಅವಳು ಇನ್ನೊಂದು ಹೇಳಿದಳು. ಮಾತು ಚಕಚಕನೆ ಬರುತ್ತಿತ್ತು, ಎಲ್ಲೂ ತಡವರಿಸದೆ, ಕೈ ಬೀಸುತ್ತ, ಹುಬ್ಬು ಹಾರಿಸುತ್ತ. ತಿಂಗಳುಗಟ್ಟಲೆ ಮನೆಯಲ್ಲಿ ಮುಲುಗುತ್ತ ಕೂತಿದ್ದ ಹೆಂಗಸು ಇವಳೇನಾ ಎಂದು ಸ್ಮಾರೋ ನೋಡುತ್ತಲೇ ಇದ್ದಳು. ಇಲ್ಲಿಗೇ ಸೇರಿಸಬೇಕು, ಏನೇ ಆಗಲಿ ಇಲ್ಲಿಗೇ, ಎಂದುಕೊಂಡಳು.

ಆಗ ಪಲೋಂಬಾ ಫೋರ್ಕಿನಿಂದ ವಡೆಯನ್ನು ಎತ್ತಿ ಅದರ ಕೆಳಗೆ ಇಣುಕಿದಳು. ಹುರುಳಿಕಾಯಿಯನ್ನು ಪಕ್ಕಕ್ಕೆ ಸರಿಸಿ ನೋಡಿದಳು. ಎಲ್ಲರಿಗೂ ಕೇಳುವಂತೆ ಏನೋ ಕೇಳಿದಳು, ಸ್ಮಾರೋ ಕಡೆ ಬೆರಳು ತೋರಿಸಿ.

ಎಲ್ಲರೂ ಸ್ಮಾರೋ ಕಡೆ ತಿರುಗಿದರು.

"ಏನಂತೆ?" ಎಂದಳು ಸ್ಮಾರೋ. ರೆಜೀನಾ ನೀರು ಬಗ್ಗಿಸುತ್ತಿದ್ದವಳು ಬಗ್ಗಿಸುತ್ತಲೇ ಇದ್ದಳು. ಪೆಪೋ ಬಿಬ್‌ನಿಂದ ಬಾಯಿ ಒರೆಸಿಕೊಂಡ.

ಒರೋ ಗ್ರೀಕಿನಲ್ಲಿ ಹೇಳಿದಳು. "ಗುಲಾಬಿ ಮಾಂಸ ಎಲ್ಲಿ ಅಂತಿದಾಳೆ. ಸೊಸೆ ದಿನಾ ಕೊಡ್ತಾಳಂತಲ್ಲ. ತೆಳ್ಳಗೆ, ಉಪ್ಪುಪ್ಪಾಗಿ, ಅಂಚಲ್ಲಿ ಬಿಳೀ ಕೊಬ್ಬು. ಅದಿಲ್ದೆ ಇದೆಂಥ ಊಟ ಅಂತಿದಾಳೆ."

"ಅದು ಟರ್ಕಿ," ಎಂದಳು ಸ್ಮಾರೋ. "ಟರ್ಕಿ ಕೋಳಿ."

"ಕೋಳಿ ಅಂಚಲ್ಲಿ ಕೊಬ್ಬು ಎಲ್ಲಿಂದ ಬಂತಮ್ಮಾ?" ಪೆಪೋ ತಲೆ ಅಲ್ಲಾಡಿಸಿದ. "ಮಿಲಿಟರೀಲಿ ನಂಗೂ ಅದೇ ಕೋಳಿ ಹಾಕ್ತಿದ್ರು. ನಾಲ್ಕು ಕಾಲಿತ್ತು ಅದಕ್ಕೆ."

ಮೇಜಿನ ಕೊನೆಯಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬರು ಕೆಮ್ಮಿದರು. ಆಮೇಲೆ ಸುಮಾರು ಜನ ನಕ್ಕರು, ಪಲೋಂಬಾ ಕೂಡ, ಎಲ್ಲರೂ ನಗುತ್ತಿದ್ದಾರೆಂದು.

"ನಗಬೇಡ ಪೆಪೋ," ಎಂದಳು ಒರೋ. "ನೀನು ಗೊತ್ತಿದ್ದು ತಿಂದೆ. ಪಾಪ ಬಂದ್ರೆ ನಿನ್ನ ತಲೆಗೇ. ಇವಳಿಗೆ ಗೊತ್ತೇ ಇಲ್ವಲ್ಲ." ಸ್ಮಾರೋ ಕಡೆ ತಿರುಗಿದಳು. "ಇವಳ ಬುದ್ಧಿ ನೆಟ್ಟಗಿದ್ದಾಗ ಕೊಟ್ಟು ನೋಡಬೇಕಿತ್ತು ನೀನು."

"ಬೇರೇನೂ ತಿಂತಿರಲಿಲ್ಲ. ನಿಜವಾಗ್ಲೂ. ಬಾಯಿಗೆ ಇಟ್ರೆ ಉಗೀತಿದ್ರು."

"ತಿನ್ನಲ್ವಾ? ನೋಡು."

ಪಲೋಂಬಾ ಗುಲಾಬಿ ಮಾಂಸವನ್ನು ಆಗಲೇ ಮರೆತಿದ್ದಳು. ಅವಳ ತಟ್ಟೆ ಬರಿದಾಗಿತ್ತು. ಪೆಪೋ ತನ್ನ ತಟ್ಟೆಯಿಂದ ಒಂದು ವಡೆ ಎತ್ತಿ ಅವಳಿಗೆ ಹಾಕುತ್ತಿದ್ದ.

ಹೊರಡುವಾಗ ರೆಜೀನಾ ಬಾಗಿಲವರೆಗೆ ಬಂದಳು. "ಒರೋ ಮಾತನ್ನ ಮನಸ್ಸಿಗೆ ಹಚ್ಕೋಬೇಡಿ. ಅವರು ನನ್ನನ್ನೂ ಬಿಡಲ್ಲ. ಕೋಷರಾ ಅಂತ ನಾನು ಕೇಳಿದ್ದು ಅಡುಗೆಯವರಿಗೆ ಹೇಳೋಕೆ, ಹೊಸಬರು ಮುನಿಸ್ಕೊಂಡು ಏಳಬಾರದಲ್ಲ. ಮನೇಲಿ ಏನು ತಿಂದ್ರು ಅಂತ ವಾಪಸ್ ಕಳಿಸ್ತಾ ಹೋದ್ರೆ ಈ ಮನೇಲಿ ನಾನೊಬ್ಬಳೇ ಇರಬೇಕಾಗತ್ತೆ. ನಾನೂ ಇರ್ತೀನೋ ಇಲ್ವೋ." ಪಲೋಂಬಾಳ ಜಾರಿದ ಪಿನ್ನನ್ನು ಸರಿಮಾಡಿದಳು. "ಭಾನುವಾರ ಕರಕೊಂಡು ಬನ್ನಿ. ಬಟ್ಟೆ, ಹೊದಿಕೆ, ಫೋಟೋ. ಪಾತ್ರೆ ಏನೂ ಬೇಡ. ಗಾಜಿಂದಾದ್ರೆ ತನ್ನಿ, ತೊಳ್ಕೊಂಡ್ರೆ ಆಯ್ತು."

ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಸ್ಮಾರೋ ಏನಾದರೂ ಹೇಳಬೇಕೆಂದುಕೊಂಡಳು. "ಸರಿ," ಎಂದಳು.

ಬಸ್ಸಿನಲ್ಲಿ ಪಲೋಂಬಾ ಕಿಟಕಿಗೆ ಒರಗಿ ಏನೋ ಗುನುಗುತ್ತಿದ್ದಳು. ಸ್ಮಾರೋ ತನ್ನ ಕೈಗಳನ್ನು ನೋಡುತ್ತ ಕೂತಳು. ಬೇರೇನೂ ತಿನ್ನುತ್ತಿರಲಿಲ್ಲ ಎಂಬುದು ನಿಜವೇ. ಲಿಯೋನ್ ಹೋದ ಮೇಲೆ ಪಲೋಂಬಾ ಊಟ ಬಿಟ್ಟಿದ್ದಳು. ಒಂದು ದಿನ ಸ್ಮಾರೋ ಅಡುಗೆಮನೆಯಲ್ಲಿ ನಿಂತುಕೊಂಡೇ ಬ್ರೆಡ್ಡಿಗೆ ಹಂದಿಮಾಂಸದ ತೆಳು ಹೋಳು ಇಟ್ಟು ತಿನ್ನುತ್ತಿದ್ದಾಗ ಮುದುಕಿ ಹಿಂದಿನಿಂದ ಬಂದು ಹೋಳನ್ನು ಎಳೆದು ಬಾಯಿಗೆ ಹಾಕಿಕೊಂಡಳು. ಬೆರಳು ಚೀಪಿದಳು. ಅಲ್ಲಿಯವರೆಗೂ ನಡೆದದ್ದು ತಾನಾಗಿ ನಡೆದದ್ದು. ಅಷ್ಟನ್ನು ಒರೋಗೆ ಹೇಳಬಹುದಿತ್ತು.

ಹೇಳಲಾಗದ್ದು ಮರುದಿನದ್ದು. ಮಾಂಸದಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ಮಾಂಸವೂ ಅಕ್ಕಪಕ್ಕ ಇದ್ದವು, ಟರ್ಕಿಯದೂ ಹಂದಿಯದೂ. ಎರಡೂ ಗುಲಾಬಿ, ಎರಡೂ ತೆಳ್ಳಗೆ. ಪಲೋಂಬಾಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅಂಗಡಿಯವನು "ಯಾವುದು ಕೊಡಲಿ?" ಎಂದು ಕೇಳಿದ. ಸ್ಮಾರೋ ಹಂದಿಯದರ ಕಡೆ ಬೆರಳು ತೋರಿಸಿದಳು. ಮನೆಗೆ ಬಂದು ಮೇಲಿನ ಬೀರುವಿನಿಂದ ಗಾಜಿನ ತಟ್ಟೆಯನ್ನು ತೆಗೆದಳು. ಅದೇ ತಟ್ಟೆ. ಹೋಳುಗಳನ್ನು ಸುತ್ತಲೂ ಚಂದವಾಗಿ ಜೋಡಿಸಿ ಅತ್ತೆಯ ಮುಂದಿಟ್ಟು "ತಿನ್ನಿ ಅತ್ತೆ," ಎಂದಳು. ಪಲೋಂಬಾ ತಿಂದಳು. ಸ್ಮಾರೋಗೆ ಆಗ ಎದೆಯಲ್ಲಿ ಏನೋ ಬೆಚ್ಚಗಾಯಿತು. ಲಿಯೋನ್ ಸತ್ತ ದಿನದಿಂದ ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಮಣ್ಣು ಮಾಡಿ ಬಂದಾಗಲೂ ಅನಿಸಲಿಲ್ಲ, ಅವನ ಶರಟು ಮಡಿಸುವಾಗಲೂ ಅನಿಸಲಿಲ್ಲ. ಮೊದಲು ಅನಿಸಿದ್ದು ಇದು. ಅದಕ್ಕೇ ಅದು ದಿನವೂ ನಡೆಯಿತು.

ಮನೆಗೆ ಬಂದಾಗ ಇಳಿಬಿಸಿಲು ಅಡುಗೆಮನೆಯ ಅರ್ಧಕ್ಕೆ ಬಂದಿತ್ತು. ಪಲೋಂಬಾ ಕೋಟು ಬಿಚ್ಚದೆ ಮೇಜಿಗೆ ಹೋಗಿ ಕೂತಳು. ಸ್ಮಾರೋ ಫ್ರಿಜ್ ತೆರೆದಳು. ಕಾಗದದ ಪೊಟ್ಟಣದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಬಿಚ್ಚದೆ ಹಾಗೇ ಕಸದ ಬುಟ್ಟಿಗೆ ಹಾಕಿದಳು. ಒಲೆ ಹಚ್ಚಿ ಮೊಟ್ಟೆ ಬೇಯಲಿಟ್ಟಳು. ಬೆನ್ನ ಹಿಂದೆ ಬೀರುವಿನ ಬಾಗಿಲು ಕಿರುಗುಟ್ಟಿತು, ತಟ್ಟೆಗಳ ಸದ್ದಾಯಿತು.

ತಿರುಗಿದಾಗ ಮೇಜಿನ ಮೇಲೆ ಎರಡು ಪಿಂಗಾಣಿ ತಟ್ಟೆಗಳಿದ್ದವು. ಪಲೋಂಬಾ ಗಾಜಿನ ತಟ್ಟೆಯನ್ನು ಕೋಟಿನ ತೋಳಿನಿಂದ ಒರೆಸುತ್ತಿದ್ದಳು.

"ಲಿಯೋನ್ ಒಂದು ಹುಡುಗೀನ ಕರಕೊಂಡು ಬರ್ತಿದಾನೆ," ಎಂದಳು. ಗ್ರೀಕಿನಲ್ಲೇ ಹೇಳಿದಳು, ಪಕ್ಕದ ಮನೆಯವರ ಜೊತೆ ಮಾತಾಡುವಾಗಿನ ಮರ್ಯಾದೆಯ ಗ್ರೀಕ್. "ನಮ್ಮವಳಲ್ಲ. ಗಂಡುಹುಡುಗರ ಹಾಗೆ ಕೂದಲು ಕತ್ತರಿಸ್ಕೊಂಡಿದಾಳಂತೆ. ಏನು ಮಾಡೋದು ಹೇಳಿ, ಅವನಿಗೆ ಇಷ್ಟ."

ಸ್ಮಾರೋ ಕೈ ತಾನಾಗಿ ತನ್ನ ಕತ್ತಿನ ಹಿಂಭಾಗಕ್ಕೆ, ಆ ಮೊದಲ ಶುಕ್ರವಾರ ಕೂದಲಿಲ್ಲದೆ ಬರಿದಾಗಿದ್ದ ಜಾಗಕ್ಕೆ, ಹೋಯಿತು.

"ಇದು ಅವಳಿಗೆ." ಪಲೋಂಬಾ ತಟ್ಟೆಯನ್ನು ಬೆಳಕಿಗೆ ಹಿಡಿದು, ಕಲೆ ಇದೆಯೇ ಎಂದು ನೋಡಿ, ಮೇಜಿನ ಮೇಲಿಟ್ಟಳು. "ನಿಮ್ಮನೇಲಿ ಏನು ತಿಂತೀಯ ಅಂತ ಹುಡುಗೀನ ಕೇಳೋಕಾಗತ್ತಾ? ಪಾಪ, ನಾಚಿಕೆ ಆಗಲ್ವಾ ಅವಳಿಗೆ? ಗಾಜಾದ್ರೆ ಕೇಳೋದೇ ಬೇಡ. ನೀವೂ ಕೇಳಬೇಡಿ, ತಿಳೀತಾ?"

"ಕೇಳಲ್ಲ," ಎಂದಳು ಸ್ಮಾರೋ.

ಅವಳು ಕುರ್ಚಿ ಎಳೆದಳು. ಪಲೋಂಬಾ ಕೈ ಅಡ್ಡ ಹಿಡಿದಳು.

"ಅಲ್ಲಿ ಬೇಡಮ್ಮ. ಅದು ಅವಳ ಜಾಗ."

ಸ್ಮಾರೋ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಳು. ಒಲೆಯ ಮೇಲೆ ಮೊಟ್ಟೆ ಪಾತ್ರೆಗೆ ತಾಗಿ ಸದ್ದು ಮಾಡುತ್ತಿತ್ತು. ಪಲೋಂಬಾ ಬಾಗಿಲ ಕಡೆ ಮುಖ ಮಾಡಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಗಾಜಿನ ತಟ್ಟೆಯ ತಳದಲ್ಲಿ ಮೇಜುಬಟ್ಟೆಯ ಚೆರ್ರಿ ಹಣ್ಣುಗಳು ಕಾಣುತ್ತಿದ್ದವು, ಒಂದೊಂದೂ ಸ್ಪಷ್ಟವಾಗಿ, ತೊಟ್ಟಿನ ಸಮೇತ.